ಮಗಳು ‘ಬಡಿದು ನೋಡುತ್ತೇವೆ ಅಪ್ಪ’ ಅನ್ನುತ್ತಾಳೆ. ಸೂಪರ್‌ಕಂಡಕ್ಟರ್‌ಗೆ ಲೇಸರ್ ಯಾಕೆ?

ಆಲ್ದೂರು_ತೋಟ (ಭಾನುವಾರ, ರಾತ್ರಿ 8:40)

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರು ಜಿಲ್ಲೆ ಆಲ್ದೂರು ಕಡೆಯವನು. ಸಣ್ಣ ಕಾಫಿ ತೋಟ ಇದೆ. ಓದಿದ್ದು ಬಿ.ಕಾಂ., ಅದೂ ಎರಡನೇ ಸಲ ಬರೆದು ಪಾಸಾದದ್ದು. ಮಗಳು ಹಾಸನದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನಲ್ಲಿ ಪಿಎಚ್.ಡಿ.ಗೆ ಸೇರಿದ್ದಾಳೆ. ಸೂಪರ್‌ಕಂಡಕ್ಟರ್ ಮೇಲೆ ಕೆಲಸವಂತೆ.

ರಾತ್ರಿ ಫೋನ್ ಮಾಡಿದರೆ ‘ಇವತ್ತು ಪಂಪ್ ಸಿಕ್ಕಿತು, ಪ್ರೋಬ್ ಸಿಗಲಿಲ್ಲ ಅಪ್ಪ’ ಅನ್ನುತ್ತಾಳೆ. ಪಂಪ್ ಅಂದರೆ ನನಗೆ ಹೂಮಳೆ ಕೈಕೊಟ್ಟ ವರ್ಷ ಕೆರೆ ದಡದಲ್ಲಿ ಇಟ್ಟು ಸ್ಪ್ರಿಂಕ್ಲರ್ ಓಡಿಸುವ ಡೀಸೆಲ್ ಪಂಪೇ ಕಣ್ಣಿಗೆ ಬರುವುದು. ‘ಫುಟ್‌ವಾಲ್ವ್ ನೋಡಮ್ಮ, ಗಾಳಿ ಎಳೆಯುತ್ತಿರಬೇಕು’ ಅಂದುಬಿಟ್ಟೆ. ಆ ನಗು ಇನ್ನೂ ನಿಂತಿಲ್ಲ.

ಸೂಪರ್‌ಕಂಡಕ್ಟರ್ ಅಂದರೆ ಕರೆಂಟು ಸ್ವಲ್ಪವೂ ಪೋಲಾಗದ ವಸ್ತು ಅಂತ ಗೊತ್ತು. ಅದಕ್ಕೆ ಲೇಸರ್ ಯಾಕೆ? ತಂತಿ ಸಿಕ್ಕಿಸಿ ಮೀಟರ್ ನೋಡಿದರೆ ಸಾಲದೇ? ಬಲ್ಲವರು ಬಿಡಿಸಿ ಹೇಳಿ. ಮಗಳನ್ನೇ ಕೇಳಬಹುದು, ಆದರೆ ಅವಳು ಎರಡನೇ ವಾಕ್ಯಕ್ಕೇ ಇಂಗ್ಲಿಷಿಗೆ ಹೊರಳುತ್ತಾಳೆ.

ಹೇಮಾವತಿ_ದಡ (ಭಾನುವಾರ, ರಾತ್ರಿ 9:25)

ಸರ್, ನಾನು ಹಾಸನದಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವಳು. ನಿಮ್ಮ ಪ್ರಶ್ನೆ ಸರಿಯಾಗಿಯೇ ಇದೆ. 1911ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಕಾಮರ್ಲಿಂಗ್ ಓನ್ಸ್ ಮಾಡಿದ್ದೂ ಅದನ್ನೇ. ಪಾದರಸವನ್ನು ದ್ರವ ಹೀಲಿಯಂನಲ್ಲಿ ತಣ್ಣಗೆ ಮಾಡುತ್ತಾ ಮೀಟರ್ ನೋಡಿದರು. 4.2 ಕೆಲ್ವಿನ್, ಅಂದರೆ ಸೊನ್ನೆಗಿಂತ 269 ಡಿಗ್ರಿ ಕೆಳಗೆ, ಕರೆಂಟಿಗೆ ಇರುವ ಅಡ್ಡಿ, ಅಂದರೆ ರೋಧ, ತಟ್ಟನೆ ಮಾಯವಾಯಿತು.

ತೊಂದರೆ ಏನೆಂದರೆ, ಮೀಟರ್ ‘ಸೊನ್ನೆ’ ಅಂತ ಹೇಳಿ ಸುಮ್ಮನಾಗುತ್ತದೆ. ಯಾಕೆ ಸೊನ್ನೆ ಅಂತ ಹೇಳುವುದಿಲ್ಲ. ಅದಕ್ಕೆ ಉತ್ತರ ಸಿಗಲು 1957ರವರೆಗೆ ಕಾಯಬೇಕಾಯಿತು. ಎಲೆಕ್ಟ್ರಾನ್‌ಗಳು ಎರಡೆರಡಾಗಿ ಜೋಡಿ ಕಟ್ಟಿಕೊಳ್ಳುತ್ತವೆ, ಹರಳಿನ ಪರಮಾಣುಗಳ ನಡುಕವೇ ಆ ಜೋಡಿಗೆ ಅಂಟು ಅಂತ ಬಾರ್ಡೀನ್, ಕೂಪರ್, ಶ್ರೀಫರ್ ತೋರಿಸಿದರು. ಎಲ್ಲ ಮುಗಿಯಿತು ಅಂದುಕೊಳ್ಳುವಾಗ 1986ರಲ್ಲಿ ಬೆಡ್ನೋರ್ಜ್, ಮುಲ್ಲರ್ ತಾಮ್ರದ ಆಕ್ಸೈಡಿನಲ್ಲಿ 30 ಕೆಲ್ವಿನ್ ದಾಟಿದ ಸೂಪರ್‌ಕಂಡಕ್ಟರ್ ಕಂಡುಹಿಡಿದರು. ಮರುವರ್ಷವೇ ಯಿಟ್ರಿಯಂ, ಬೇರಿಯಂ, ತಾಮ್ರ ಸೇರಿದ ಇನ್ನೊಂದು ಆಕ್ಸೈಡ್ 90 ಕೆಲ್ವಿನ್ ದಾಟಿತು. ಹೀಲಿಯಂ ಬೇಡ, ಅಗ್ಗದ ದ್ರವ ನೈಟ್ರೋಜನ್ ಸಾಕು. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಅದೇ ವರ್ಷ ಇದರ ಮೇಲೆ ಕೆಲಸ ಮಾಡಿ ಪ್ರಕಟಿಸಿತ್ತು. ಆದರೆ ಇಲ್ಲಿ ಜೋಡಿಗೆ ಅಂಟು ಯಾವುದು? ಆ ಜಗಳ ಇವತ್ತಿಗೂ ಮುಗಿದಿಲ್ಲ.

ಈಗ ಮಗಳ ಮಾತಿಗೆ ಬರೋಣ. ಮರದಲ್ಲಿರುವ ಹಲಸು ಬಲಿತಿದೆಯಾ ಅಂತ ನೀವು ಹೇಗೆ ನೋಡುತ್ತೀರಿ? ಕೊಯ್ದು ನೋಡುವುದಿಲ್ಲ ಅಲ್ವಾ? ಬಡಿದು ಕಿವಿ ಕೊಡುತ್ತೀರಿ. ಬಡಿಯುವ ಕೈ ಪಂಪ್, ಕೇಳುವ ಕಿವಿ ಪ್ರೋಬ್. ಎರಡೂ ಲೇಸರ್ ಬೆಳಕಿನ ತುಣುಕುಗಳು, ಅಷ್ಟೇ ವ್ಯತ್ಯಾಸ.

ಆಲ್ದೂರು_ತೋಟ (ಭಾನುವಾರ, ರಾತ್ರಿ 9:41)

ಮೇಡಂ, ಹಲಸು ಅಂದಿರಿ, ತಲೆಗೆ ಹೋಯಿತು. ಇಷ್ಟು ದಿನ ಯಾರೂ ಹೀಗೆ ಹೇಳಿರಲಿಲ್ಲ.

ಕಡೂರು_ಕಂಬ (ಭಾನುವಾರ, ರಾತ್ರಿ 10:05)

ನಾನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ನಿವೃತ್ತಿಯಾದವನು. ಕಂಬ ಹತ್ತಿ ಹತ್ತಿ ಮಂಡಿ ಸವೆದಿದೆ. ನನಗೆ ಒಂದೇ ಪ್ರಶ್ನೆ. ಈ ವಸ್ತುವಿನ ತಂತಿ ಎಳೆದರೆ ಲೈನ್ ಲಾಸ್ ನಿಲ್ಲುತ್ತದಾ ಇಲ್ಲವಾ? ಉಳಿದದ್ದು ನೀವು ಮಾತಾಡಿಕೊಳ್ಳಿ.

ಪಿಕೋಸೆಕೆಂಡ್_ಪೋರ (ಭಾನುವಾರ, ರಾತ್ರಿ 11:50)

ಕಂಬ ಅಣ್ಣ, ನಿಮಗೆ ಮೊದಲು. ಜರ್ಮನಿಯ ಎಸ್ಸೆನ್ ಊರಿನಲ್ಲಿ 2014ರಲ್ಲಿ ಸುಮಾರು 1 ಕಿ.ಮೀ. ಉದ್ದದ ಸೂಪರ್‌ಕಂಡಕ್ಟರ್ ಕೇಬಲ್ ನೆಲದಡಿ ಹಾಕಿ 10 ಕೆ.ವಿ.ಯಲ್ಲಿ ಓಡಿಸಿದರು. ಸುತ್ತ ದ್ರವ ನೈಟ್ರೋಜನ್ ಹರಿಯುತ್ತಿರಬೇಕು. ಆಗದ ಕೆಲಸ ಅಲ್ಲ, ಆದರೆ ತಣ್ಣಗಿಡುವ ಖರ್ಚು ಬಿಡುವುದಿಲ್ಲ.

ಈಗ ತೋಟದ ಅಂಕಲ್‌ಗೆ. ನಾನು ಅರಸೀಕೆರೆಯವನು. ನಿಮ್ಮ ಮಗಳು ಮಾಡುವ ಕೆಲಸವನ್ನೇ ಬೇರೆ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ಮಾಡುತ್ತಿದ್ದೇನೆ. ನಮ್ಮ ಕೋಣೆ ಹೇಗಿದೆ ಹೇಳುತ್ತೇನೆ. ಕಿಟಕಿ ಇಲ್ಲ. ನಡುವೆ ಮಂಚಕ್ಕಿಂತ ದೊಡ್ಡ ಉಕ್ಕಿನ ಮೇಜು. ಹೊರಗೆ ಬಸ್ಸು ಹೋದರೂ ಅಲುಗಬಾರದು ಅಂತ ಅದರ ಕಾಲುಗಳಲ್ಲಿ ಗಾಳಿ ತುಂಬಿ ತೇಲಿಸಿರುತ್ತಾರೆ. ಮೇಲೆ ನೂರಾರು ಪುಟ್ಟ ಕನ್ನಡಿಗಳು. ಒಂದು ಮೂಲೆಯಲ್ಲಿ ಕಿಟಕಿ ಇರುವ ಉಕ್ಕಿನ ಡಬ್ಬಿ, ಅದರೊಳಗೆ ಮೆಂತ್ಯದ ಕಾಳಿನಷ್ಟು ಕಪ್ಪು ಹರಳು. ಅದೇ ಸೂಪರ್‌ಕಂಡಕ್ಟರ್. ಒಳಗೆ ಹೋಗುವ ಮುಂಚೆ ಉಂಗುರ, ವಾಚು ಬಿಚ್ಚಿಡಬೇಕು. ಕಿರಣ ಅದಕ್ಕೆ ತಾಗಿ ಯಾರ ಕಣ್ಣಿಗೋ ಚಿಮ್ಮಿದರೆ ಕಣ್ಣೇ ಹೋಗುತ್ತದೆ.

ಲೇಸರ್ ಒಂದೇ. ಟೈಟಾನಿಯಂ ಬೆರೆತ ನೀಲಮಣಿ ಹರಳಿನದು. ಅದು ಸದಾ ಉರಿಯುವುದಿಲ್ಲ. ಸೆಕೆಂಡಿಗೆ ಸುಮಾರು 8 ಕೋಟಿ ಸಲ ಮಿನುಗುತ್ತದೆ. ಒಂದೊಂದು ಮಿನುಗು ಸುಮಾರು 100 ಫೆಮ್ಟೋಸೆಕೆಂಡ್. ಒಂದು ಸೆಕೆಂಡನ್ನು ಲಕ್ಷ ಕೋಟಿ ಭಾಗ ಮಾಡಿ, ಅದರಲ್ಲಿ ಒಂದು ಭಾಗವನ್ನು (ಅದೇ ಪಿಕೋಸೆಕೆಂಡ್) ಮತ್ತೆ ಹತ್ತು ಮಾಡಿದರೆ ಬರುವಷ್ಟು. ಅರೆಬರೆ ಕನ್ನಡಿಯಿಂದ ಪ್ರತಿ ಮಿನುಗನ್ನೂ ಎರಡು ಪಾಲು ಮಾಡುತ್ತೇವೆ. ಜೋರಿನ ಪಾಲು ಹೋಗಿ ಹರಳಿಗೆ ಬಡಿಯುತ್ತದೆ. ಅದು ಪಂಪ್. ಮಂದ ಪಾಲು ಸ್ವಲ್ಪ ತಡವಾಗಿ ಬಂದು ಅದೇ ಜಾಗಕ್ಕೆ ತಾಗಿ ವಾಪಸು ಹೊಳೆಯುತ್ತದೆ. ಅದು ಪ್ರೋಬ್. ಎಷ್ಟು ಹೊಳೆಯಿತು ಅಂತ ಅಳೆಯುತ್ತೇವೆ. ನಂತರ ಇನ್ನೂ ಸ್ವಲ್ಪ ತಡ ಮಾಡಿ ಮತ್ತೆ ನೋಡುತ್ತೇವೆ. ಹೀಗೆ ಸಾವಿರ ಸಲ.

‘ಪಂಪ್ ಸಿಕ್ಕಿತು, ಪ್ರೋಬ್ ಸಿಗಲಿಲ್ಲ’ ಅಂದರೆ ಏನು ಗೊತ್ತಾ? ಎರಡೂ ಹರಳಿನ ಮೇಲೆ ಒಂದೇ ಚುಕ್ಕೆಗೆ ಬೀಳಬೇಕು. ಆ ಚುಕ್ಕೆ ಕೂದಲಿನ ದಪ್ಪದಷ್ಟು. ಮೊದಲಿಗೆ ಅದೂ ಒಂದೇ ಗಳಿಗೆಯಲ್ಲಿ ಬೀಳಬೇಕು, ತಡದ ಲೆಕ್ಕ ಶುರುವಾಗುವುದೇ ಅಲ್ಲಿಂದ. ಹುಡುಕುವುದರಲ್ಲೇ ವಾರ ಕಳೆದದ್ದಿದೆ.

ಆಲ್ದೂರು_ತೋಟ (ಸೋಮವಾರ, ಬೆಳಿಗ್ಗೆ 6:15)

ತಮ್ಮ, ರಾತ್ರಿ ನಿದ್ದೆ ಬರಲಿಲ್ಲ. ಅಷ್ಟು ಚಿಕ್ಕ ಹೊತ್ತನ್ನು ಅಳೆಯುವ ಗಡಿಯಾರ ಎಲ್ಲಿದೆ? ‘ಸ್ವಲ್ಪ ತಡವಾಗಿ’ ಅಂತ ಬೆಳಕನ್ನು ಹೇಗೆ ತಡೆದು ನಿಲ್ಲಿಸುತ್ತೀರಿ?

ಪಿಕೋಸೆಕೆಂಡ್_ಪೋರ (ಸೋಮವಾರ, ಬೆಳಿಗ್ಗೆ 10:30)

ಗಡಿಯಾರವೇ ಇಲ್ಲ ಅಂಕಲ್! ನನಗೆ ಈ ಕೆಲಸ ಹಿಡಿಸಿದ್ದೇ ಅದಕ್ಕೆ. ಪ್ರೋಬ್ ಬರುವ ದಾರಿಯಲ್ಲಿ ಒಂದು ಕನ್ನಡಿಯನ್ನು ಸ್ಕ್ರೂ ಇರುವ ಗಾಡಿಯ ಮೇಲೆ ಕೂರಿಸಿರುತ್ತೇವೆ. ಅದನ್ನು ಹಿಂದಕ್ಕೆ ಸರಿಸಿದರೆ ಬೆಳಕು ಹೋಗಿ ಬರಬೇಕಾದ ದೂರ ಜಾಸ್ತಿ. ದೂರ ಜಾಸ್ತಿ ಆದರೆ ತಡ ಜಾಸ್ತಿ. ಬೆಳಕು 100 ಫೆಮ್ಟೋಸೆಕೆಂಡಿನಲ್ಲಿ ಹೋಗುವುದು 30 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು 1 ಮೈಕ್ರಾನ್). ಹೋಗಿ ಬರುವ ಲೆಕ್ಕಕ್ಕೆ ಕನ್ನಡಿ 15 ಮೈಕ್ರಾನ್ ಸರಿದರೆ ಸಾಕು. 1 ಮಿಲಿಮೀಟರ್ ಸರಿಸಿದರೆ ಸುಮಾರು 6.7 ಪಿಕೋಸೆಕೆಂಡ್ ತಡ. ಸ್ಕೇಲಿನಲ್ಲಿ ಹೊತ್ತು ಅಳೆದಂತೆ.

ಸಿಗ್ನಲ್ ಮಾತ್ರ ಬಹಳ ಸಣ್ಣದು. ಹೊಳಪು ಬದಲಾಗುವುದು ಹತ್ತು ಸಾವಿರದಲ್ಲಿ ಒಂದು ಪಾಲು, ಕೆಲವೊಮ್ಮೆ ಲಕ್ಷದಲ್ಲಿ ಒಂದು. ಅದಕ್ಕೆ ಪಂಪ್ ದಾರಿಯಲ್ಲಿ ತೂತಿರುವ ಚಕ್ರ ತಿರುಗಿಸಿ ಅದಕ್ಕೊಂದು ತಾಳ ಕೊಡುತ್ತೇವೆ. ಆ ತಾಳಕ್ಕೆ ಸರಿಯಾಗಿ ಬರುವ ಬದಲಾವಣೆಯನ್ನು ಮಾತ್ರ ಆರಿಸಿಕೊಳ್ಳುವ ಯಂತ್ರ ಇದೆ. ಜಾತ್ರೆ ಗದ್ದಲದಲ್ಲೂ ನಮ್ಮ ಮನೆಯವರ ಸೀಟಿ ಗೊತ್ತಾಗುತ್ತದಲ್ಲ, ಹಾಗೆ.

ಎಂಆರ್‌ಐ_ರಾತ್ರಿಪಾಳಿ (ಸೋಮವಾರ, ಮಧ್ಯಾಹ್ನ 2:10)

ಸೂಪರ್‌ಕಂಡಕ್ಟರ್ ಅಂದರೆ ದೂರದ ಲ್ಯಾಬಿನ ವಸ್ತು ಅಂದುಕೊಳ್ಳಬೇಡಿ. ಹಾಸನದಲ್ಲಿ ನಾನು ದಿನಾ ರಾತ್ರಿ ಅದರ ಪಕ್ಕವೇ ಕೂರುತ್ತೇನೆ. ಎಂಆರ್‌ಐ ಯಂತ್ರದೊಳಗೆ ನಿಯೋಬಿಯಂ-ಟೈಟಾನಿಯಂ ತಂತಿಯ ಸುರುಳಿ, ದ್ರವ ಹೀಲಿಯಂನಲ್ಲಿ ಮುಳುಗಿರುತ್ತದೆ. ಕೋಣೆಯೊಳಗೆ ರೋಗಿ ಇಲ್ಲದಾಗಲೂ ‘ಚಿಕ್ ಚಿಕ್’ ಅಂತ ಸದ್ದು ಬರುತ್ತದಲ್ಲ, ಅದು ಹೀಲಿಯಂ ತಣ್ಣಗಿಡುವ ಕೋಲ್ಡ್ ಹೆಡ್.

ಹಿಂದೆ ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲಿ (ಹೆಸರು ಬೇಡ) ಒಂದು ರಾತ್ರಿ, ತಣ್ಣಗಿಡುವ ವ್ಯವಸ್ಥೆಯ ಚಿಲ್ಲರ್ ನಿಂತಿತು. ಹೇಳಿದೆ, ಬೆಳಿಗ್ಗೆ ನೋಡೋಣ ಅಂದರು. ಎರಡು ಬೆಳಿಗ್ಗೆ ಕಳೆಯಿತು. ಮೂರನೇ ದಿನ ಕ್ವೆಂಚ್ ಆಯಿತು. ಸುರುಳಿಯ ಒಂದು ಕಡೆ ಬಿಸಿಯಾಗಿ ಸೂಪರ್‌ಕಂಡಕ್ಟರ್ ಮಾಮೂಲಿ ತಂತಿಯಾಗುತ್ತದೆ, ರೋಧ ಬರುತ್ತದೆ, ಅದರಿಂದ ಇನ್ನೂ ಬಿಸಿ, ಹೀಲಿಯಂ ಕುದಿಯುತ್ತದೆ. ಒಂದು ಲೀಟರ್ ಹೀಲಿಯಂ ಸುಮಾರು 700 ಲೀಟರ್‌ಗೂ ಮೀರಿದ ಗಾಳಿಯಾಗುತ್ತದೆ. ತಾರಸಿಯ ಕೊಳವೆಯಿಂದ ರೈಲು ಎಂಜಿನ್ ಬಿಟ್ಟ ಹಾಗೆ ಬಿಳಿ ಹೊಗೆ. ಕೆಳಗೆ ಚಹಾ ಅಂಗಡಿಯವರು ಬೆಂಕಿ ಅಂತ ಓಡಿದರು. ತಿಂಗಳುಗಟ್ಟಲೆ ಯಂತ್ರ ಬಂದ್, ಬೈಗುಳ ನನಗೆ.

ಪೋರ ಅವರೇ, ನೀವು ಲೇಸರ್‌ನಿಂದ ಮಾಡುವುದೂ ಒಂದು ಪುಟ್ಟ ಕ್ವೆಂಚ್ ಅಲ್ವಾ?

ಪಿಕೋಸೆಕೆಂಡ್_ಪೋರ (ಸೋಮವಾರ, ಸಂಜೆ 6:00)

ಹೌದು ಸರ್! ಆದರೆ ನಮ್ಮದು ತಾನೇ ವಾಸಿಯಾಗುತ್ತದೆ. ಒಂದು ಮಿನುಗಿನಿಂದ ಇನ್ನೊಂದಕ್ಕೆ 12.5 ನ್ಯಾನೋಸೆಕೆಂಡ್, ಅಂದರೆ 12,500 ಪಿಕೋಸೆಕೆಂಡ್ ಬಿಡುವು ಇರುತ್ತದೆ. ತಾಮ್ರದ ಆಕ್ಸೈಡಿನಲ್ಲಿ ಮುರಿದ ಜೋಡಿ ಕೆಲವೇ ಪಿಕೋಸೆಕೆಂಡಿನಲ್ಲಿ ಮತ್ತೆ ಸೇರುತ್ತದೆ. ಎಷ್ಟು ಬೇಗ ಸೇರುತ್ತದೆ, ಹೇಗೆ ಸೇರುತ್ತದೆ, ಸುದ್ದಿ ಇರುವುದೇ ಅದರಲ್ಲಿ.

ಹೇಮಾವತಿ_ದಡ (ಸೋಮವಾರ, ರಾತ್ರಿ 9:00)

ಆ ‘ಹೇಗೆ ಸೇರುತ್ತದೆ’ ಬಹಳ ಚೆನ್ನಾಗಿದೆ, ನಾನು ಹೇಳುತ್ತೇನೆ.

ಎರಡು ಎಲೆಕ್ಟ್ರಾನ್ ಮತ್ತೆ ಜೋಡಿಯಾದಾಗ ಒಂದಿಷ್ಟು ಶಕ್ತಿ ಉಳಿಯುತ್ತದೆ. ಅದು ಹರಳಿನ ನಡುಕವಾಗಿ ಹೊರಗೆ ಬೀಳುತ್ತದೆ. ಆ ನಡುಕಕ್ಕೆ ಪಕ್ಕದ ಇನ್ನೊಂದು ಜೋಡಿ ಮುರಿಯುವಷ್ಟು ಕಸುವು ಇರುತ್ತದೆ! ಊರಲ್ಲಿ ಒಂದು ಮನೆಯ ಗಂಡ ಹೆಂಡತಿ ಜಗಳ ಬಿಡಿಸಿದರೆ, ಆ ಮಾತು ಪಕ್ಕದ ಮನೆಗೆ ಹೋಗಿ ಅಲ್ಲಿ ಹೊತ್ತಿಕೊಳ್ಳುತ್ತದಲ್ಲ, ಹಾಗೆಯೇ. ಅಲ್ಲಿ ಬಿಡಿಸಿದರೆ ಮೂರನೇ ಮನೆ. ಮಾತು ಊರಾಚೆ ಹೋದ ಮೇಲೆಯೇ ಎಲ್ಲ ತಣ್ಣಗಾಗುವುದು. ಇದನ್ನು 1967ರಲ್ಲೇ ರಾತ್‌ವಾರ್ಫ್, ಟೇಲರ್ ಎಂಬಿಬ್ಬರು ಸಮೀಕರಣ ಮಾಡಿ ಬರೆದರು. ಆಗ ಫೆಮ್ಟೋಸೆಕೆಂಡ್ ಲೇಸರೇ ಇರಲಿಲ್ಲ.

ಈಗ ಹರಳನ್ನು ಸ್ವಲ್ಪ ಸ್ವಲ್ಪ ಬೆಚ್ಚಗೆ ಮಾಡುತ್ತಾ ಹೋಗಿ. ಸೂಪರ್‌ಕಂಡಕ್ಟರ್ ಸ್ಥಿತಿ ಮುಗಿಯುವ ಉಷ್ಣತೆ ಹತ್ತಿರ ಬಂದಂತೆ ಜೋಡಿಯ ಕಟ್ಟು ಸಡಿಲ. ಸಣ್ಣ ನಡುಕವೂ ಮುರಿಯಬಲ್ಲದು. ಅದಕ್ಕೇ ವಾಸಿಯಾಗುವುದು ನಿಧಾನವಾಗುತ್ತಾ ಹೋಗುತ್ತದೆ. ಪಂಪ್-ಪ್ರೋಬ್‌ನಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಮೀಟರ್ ಎಲ್ಲದಕ್ಕೂ ಸೊನ್ನೆ ಅನ್ನುತ್ತಾ ಕೂತಿರುತ್ತದೆ.

ಸಕಲೇಶಪುರ_ಘಾಟಿ (ಸೋಮವಾರ, ರಾತ್ರಿ 10:20)

ಮೇಡಂ ಉಪಮೆ ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ಜೋರಾಗಿ ಬೆಳಕು ಬಿಟ್ಟರೆ ಯಾವ ವಸ್ತುವೂ ಬಿಸಿಯಾಗುತ್ತದೆ, ಆಮೇಲೆ ಆರುತ್ತದೆ. ಅದನ್ನೇ ದೊಡ್ಡ ಹೆಸರಿಟ್ಟು ಬರೆದರೆ ಭೌತಶಾಸ್ತ್ರವಾ?

ಇನ್ನೊಂದು. ಲೇಸರ್ ಬಿಟ್ಟರೆ ಸಾಮಾನ್ಯ ವಸ್ತುವೂ ಸೂಪರ್‌ಕಂಡಕ್ಟರ್ ಆಗುತ್ತದೆ, ಅದೂ ಕೋಣೆಯ ಬಿಸಿಯಲ್ಲೇ, ಅಂತ ಓದಿದೆ. 2023ರ ಜುಲೈನಲ್ಲಿ ಕೊರಿಯಾದ ಎಲ್‌ಕೆ-99 ಅಂತ ಇಡೀ ಪ್ರಪಂಚ ಕುಣಿಯಿತು. ಕೆಲವೇ ವಾರದಲ್ಲಿ ಅದು ತಾಮ್ರದ ಸಲ್ಫೈಡ್ ಕೊಳೆಯ ಆಟ ಅಂತ ಗೊತ್ತಾಯಿತು. ಇದೂ ಅದೇ ಜಾತಿಯದಾ?

ಪಿಕೋಸೆಕೆಂಡ್_ಪೋರ (ಮಂಗಳವಾರ, ಬೆಳಗಿನ ಜಾವ 1:35)

ಘಾಟಿ ಸರ್, ಮೊದಲ ಪ್ರಶ್ನೆ ಅರ್ಧ ಸರಿ. ನಮ್ಮ 800 ನ್ಯಾನೋಮೀಟರ್ ಬೆಳಕಿನ ಒಂದು ಕಣದಲ್ಲಿ, ನಿಯೋಬಿಯಂ ನೈಟ್ರೈಡ್ ಎಂಬ ಸೂಪರ್‌ಕಂಡಕ್ಟರ್‌ನ ಒಂದು ಜೋಡಿ ಮುರಿಯಲು ಬೇಕಾದ್ದಕ್ಕಿಂತ ಸುಮಾರು 300 ಪಟ್ಟು ಶಕ್ತಿ ಇರುತ್ತದೆ. ಗುಬ್ಬಿ ಮೇಲೆ ಫಿರಂಗಿ. ಆದರೆ ಎಲ್ಲವೂ ಒಟ್ಟಿಗೆ ಬಿಸಿಯಾಗುವುದಿಲ್ಲ. ಮೊದಲು ಎಲೆಕ್ಟ್ರಾನ್, ಆಮೇಲೆ ಪರಮಾಣುಗಳ ನಡುಕ. ಮಾಮೂಲಿ ಹೊತ್ತಿನಲ್ಲಿ ಎಲ್ಲ ಕಲಸಿಕೊಂಡೇ ಇರುತ್ತದೆ. ಯಾರು ಮೊದಲು ಎದ್ದರು ಅಂತ ನೋಡಿದರೆ ಯಾರು ಯಾರ ಜೊತೆ ಕೈ ಜೋಡಿಸಿದ್ದಾರೆ ಅಂತ ತಿಳಿಯುತ್ತದೆ.

ಫಿರಂಗಿ ಬೇಡ ಅಂದರೆ ಟೆರಾಹರ್ಟ್ಸ್ ಬೆಳಕು ಇದೆ, ಅದರ ಒಂದು ಕಣದಲ್ಲಿ ಶಕ್ತಿ ಬಹಳ ಕಡಿಮೆ. 2013ರಲ್ಲಿ ಟೋಕಿಯೋದ ಶಿಮಾನೋ ಅವರ ತಂಡ ಟೈಟಾನಿಯಂ ಬೆರೆತ ನಿಯೋಬಿಯಂ ನೈಟ್ರೈಡ್‌ಗೆ ಜೋಡಿಯ ಕಟ್ಟಿಗೆ ಸರಿಯಾಗಿ ಹೊಂದುವ ಟೆರಾಹರ್ಟ್ಸ್ ಮಿನುಗು ಕೊಟ್ಟಿತು. ಇಡೀ ಜೋಡಿಗಳ ಗುಂಪು ಗಂಟೆಯ ಹಾಗೆ ಅನುರಣಿಸಿತು. ಅದನ್ನು ಹಿಗ್ಸ್ ಮೋಡ್ ಅನ್ನುತ್ತಾರೆ. ಕಣ ಭೌತಶಾಸ್ತ್ರದ ಹಿಗ್ಸ್ ಇದೆಯಲ್ಲ, ಅದರ ತಮ್ಮ ಅನ್ನಿ. ಮೇಡಂ ಹೇಳಿದ ಹಲಸು ನಿಜಕ್ಕೂ ‘ಡಬ್’ ಅಂದ ಸದ್ದು ಅದು.

ಎರಡನೇ ಪ್ರಶ್ನೆ ಬಿಸಿ ಬಿಸಿ ವಿಷಯ. 2011ರಲ್ಲಿ ಆಂಡ್ರಿಯಾ ಕವಲ್ಲೇರಿ ಅವರ ತಂಡ ಒಂದು ತಾಮ್ರದ ಆಕ್ಸೈಡಿಗೆ ಇನ್‌ಫ್ರಾರೆಡ್ ಮಿನುಗು ಬಿಟ್ಟಿತು. ಅದು 10 ಕೆಲ್ವಿನ್‌ನಲ್ಲಿ ತಾನಾಗಿ ಸೂಪರ್‌ಕಂಡಕ್ಟರ್ ಅಲ್ಲ. ಬೆಳಕು ಬಿದ್ದ ಮೇಲೆ ಸೂಪರ್‌ಕಂಡಕ್ಟರ್‌ನ ಹಾಗೆ ಹೊಳೆಯಿತು. 2016ರಲ್ಲಿ ಪೊಟ್ಯಾಸಿಯಂ ಬೆರೆಸಿದ ಫುಲ್ಲರೀನ್, ಅಂದರೆ 60 ಇಂಗಾಲದ ಪರಮಾಣು ಸೇರಿದ ಫುಟ್‌ಬಾಲ್‌ಗಳ ಹರಳು. ಅದು ಸುಮ್ನೆ ಇದ್ದರೆ 20 ಕೆಲ್ವಿನ್‌ವರೆಗೆ ಮಾತ್ರ ಸೂಪರ್‌ಕಂಡಕ್ಟರ್. ಬೆಳಕು ಬಿಟ್ಟಾಗ 100 ಕೆಲ್ವಿನ್ ಹತ್ತಿರದವರೆಗೂ ಅದೇ ತರಹದ ಹೊಳಪು ಕಂಡಿತು.

ಗಮನಿಸಿ, ಹೊಳಪು. ಆ ಪ್ರಯೋಗಗಳಲ್ಲಿ ಯಾರೂ ತಂತಿ ಸಿಕ್ಕಿಸಿ ಕರೆಂಟು ಸುತ್ತಿಸುತ್ತಾ ಕೂರಲಿಲ್ಲ. ಕೆಲವು ಪಿಕೋಸೆಕೆಂಡಿನಲ್ಲಿ ಮುಗಿದುಹೋಗುವುದಕ್ಕೆ ತಂತಿ ಸಿಕ್ಕಿಸುವುದು ಹೇಗೆ?

ನಾನು ಯಾಕೆ ಹುಷಾರು ಅಂದರೆ, ಎರಡನೇ ವರ್ಷ ನನಗೂ ಒಂದು ಅದ್ಭುತ ಸಿಗ್ನಲ್ ಸಿಕ್ಕಿತ್ತು. ಹೊಳಪು ಅಲೆ ಅಲೆಯಾಗಿ ಏರಿ ಇಳಿಯುತ್ತಿತ್ತು. ಮೂರು ತಿಂಗಳು ಅದರ ಹಿಂದೆ ಬಿದ್ದೆ. ಪೇಪರಿನ ಮೊದಲ ಪ್ಯಾರಾ ಕೂಡ ಬರೆದಿದ್ದೆ. ಒಂದು ರಾತ್ರಿ ಮೇಲಿನ ಎ.ಸಿ. ‘ಕಟ್’ ಅಂತ ನಿಂತಿತು, ಪರದೆ ಮೇಲಿನ ಅಲೆಯೂ ನಿಂತಿತು. ಎ.ಸಿ. ಗಾಳಿಗೆ ಕನ್ನಡಿ ಸ್ಟ್ಯಾಂಡ್ ಹಿಗ್ಗಿ ಕುಗ್ಗುತ್ತಿತ್ತು, ಅಷ್ಟೇ. ಆ ಫೈಲನ್ನು ಇನ್ನೂ ಅಳಿಸಿಲ್ಲ. ‘ಏಸಿ_ಅಲೆ’ ಅಂತ ಹೆಸರಿಟ್ಟುಕೊಂಡಿದ್ದೇನೆ.

ಸಕಲೇಶಪುರ_ಘಾಟಿ (ಮಂಗಳವಾರ, ಬೆಳಿಗ್ಗೆ 7:50)

ಒಪ್ಪಿಕೊಂಡಿದ್ದಕ್ಕೆ ಮೆಚ್ಚಿದೆ. ಹಾಗಾದರೆ ಆ ಫುಲ್ಲರೀನ್ ಕೂಡ ದೊಡ್ಡವರ ಎ.ಸಿ. ಅಲೆ ಇರಬಹುದಲ್ಲ?

ಪಿಕೋಸೆಕೆಂಡ್_ಪೋರ (ಮಂಗಳವಾರ, ಮಧ್ಯಾಹ್ನ 1:05)

ಅದೇ ಅನುಮಾನವನ್ನು 2023ರಲ್ಲಿ ಕೆನಡಾದ ಒಂದು ತಂಡ ಲೆಕ್ಕ ಸಮೇತ ಎತ್ತಿತು. ಪಂಪ್ ಬೆಳಕು ಹರಳಿನ ಮೇಲ್ಪದರಕ್ಕೆ ಮಾತ್ರ ಇಳಿಯುತ್ತದೆ. ಪ್ರೋಬ್ ಅದಕ್ಕಿಂತ ಆಳಕ್ಕೆ ಹೋಗುತ್ತದೆ. ಹಾಗಾಗಿ ಅಳತೆಯಲ್ಲಿ ಬದಲಾದ ಪದರ, ಬದಲಾಗದ ಪದರ ಎರಡೂ ಕಲಸಿರುತ್ತದೆ. ಬೇರೆ ಮಾಡಲು ಆಳದಲ್ಲಿ ಎಷ್ಟೆಷ್ಟು ಬದಲಾಗಿದೆ ಅಂತ ಊಹೆ ಮಾಡಬೇಕು. ಆ ಊಹೆ ತಪ್ಪಿದರೆ, ಜೋರು ಬೆಳಕಿಗೆ ವಸ್ತುವಿನ ಬದಲಾವಣೆ ಸುಮ್ನೆ ಒಂದು ಮಿತಿಗೆ ಬಂದು ನಿಂತದ್ದೂ ಲೆಕ್ಕದಲ್ಲಿ ಸೂಪರ್‌ಕಂಡಕ್ಟರ್ ಆಗಿ ಕಾಣುತ್ತದೆ ಅಂತ ಅವರ ವಾದ.

ಆಲ್ದೂರು_ತೋಟ (ಮಂಗಳವಾರ, ಮಧ್ಯಾಹ್ನ 1:40)

ತಡೀರಿ ಮಾರಾಯ್ರೇ, ಇದು ನನಗೆ ಗೊತ್ತು!

ಕಣದಲ್ಲಿ ಕಾಫಿ ಹರಡಿ ಒಣಗಿಸುತ್ತೇವಲ್ಲ. ಸಂಜೆ ಹೋಗಿ ಮೇಲಿಂದ ಒಂದು ಹಿಡಿ ತೆಗೆದು ಅಲ್ಲಾಡಿಸಿದರೆ ಗಲಗಲ ಅನ್ನುತ್ತದೆ. ಒಣಗಿತು ಅಂತ ಚೀಲಕ್ಕೆ ತುಂಬಿದರೆ ಕೆಟ್ಟೆವು. ಅಡಿಯಲ್ಲಿ ಹಸಿ ಇರುತ್ತದೆ. ಹಾಗಂತ ಮೇಲಿನದು, ಅಡಿಯದು ಕಲಸಿ ತೇವದ ಮೀಟರಿಗೆ ಹಾಕಿದರೆ ಒಂದು ನಂಬರು ಬರುತ್ತದೆ. ಆ ನಂಬರಿನಿಂದ ಮೇಲಿನದು ಎಷ್ಟು ಒಣಗಿದೆ ಅಂತ ಹೇಳಬೇಕಾದರೆ ಹಾಸು ಎಷ್ಟು ದಪ್ಪ ಇತ್ತು, ಎಷ್ಟು ಸಲ ಕೈಯಾಡಿಸಿದ್ದೆವು ಎಲ್ಲ ಗೊತ್ತಿರಬೇಕು. ನಮ್ಮ ಹಳೇ ರೈಟರ್ ಇದನ್ನು ತಪ್ಪು ಲೆಕ್ಕ ಹಾಕಿ ಒಂದು ವರ್ಷ ಹನ್ನೊಂದು ಚೀಲ ಬೂಷ್ಟು ಹಿಡಿಸಿದ್ದರು.

ಇದೇ ತಾನೇ ಆ ಕೆನಡಾದವರು ಹೇಳುವುದು?

ಹೇಮಾವತಿ_ದಡ (ಮಂಗಳವಾರ, ಮಧ್ಯಾಹ್ನ 2:15)

ಇದೇ ಸರ್. ನಾಳೆ ಕ್ಲಾಸಿನಲ್ಲಿ ಹೇಳುತ್ತೇನೆ, ಬಿ.ಕಾಂ. ಅಂತ ಇನ್ನು ಹೇಳಿಕೊಳ್ಳಬೇಡಿ.

ಪಿಕೋಸೆಕೆಂಡ್_ಪೋರ (ಮಂಗಳವಾರ, ರಾತ್ರಿ 11:20)

ಅಂಕಲ್, ನಮ್ಮ ಗ್ರೂಪ್ ಮೀಟಿಂಗಿನಲ್ಲಿ ಇದನ್ನು ಕದಿಯುತ್ತೇನೆ.

ಆದರೆ ಕತೆ ಅಲ್ಲಿಗೆ ನಿಂತಿಲ್ಲ. ಹೊಳಪು ಮಾತ್ರ ನೋಡಿದರೆ ಜಗಳ ಮುಗಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಸೂಪರ್‌ಕಂಡಕ್ಟರ್‌ಗೆ ಇನ್ನೊಂದು ಗುರುತು ಇದೆ, ಕಾಂತಕ್ಷೇತ್ರವನ್ನು ಒಳಗೆ ಬಿಟ್ಟುಕೊಳ್ಳದೆ ಹೊರಗೆ ತಳ್ಳುವುದು. 2024ರಲ್ಲಿ ಕವಲ್ಲೇರಿ ತಂಡ ಮೇಡಂ ಹೇಳಿದ ಯಿಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡಿನ ಪಕ್ಕದಲ್ಲೇ ಬೇರೆ ಹರಳು ಇಟ್ಟಿತು. ಕಾಂತಕ್ಷೇತ್ರ ಬದಲಾದರೆ ಆ ಹರಳಿನಲ್ಲಿ ಹಾದ ಬೆಳಕಿನ ಕಂಪನದ ದಿಕ್ಕು ತಿರುಗುತ್ತದೆ. ಪಂಪ್ ಬಿದ್ದ ಕೂಡಲೇ ಅಂಚಿನಲ್ಲಿ ಕಾಂತಕ್ಷೇತ್ರ ಹೊರಗೆ ತಳ್ಳಲ್ಪಟ್ಟದ್ದು ಕಂಡಿತು. ಕೆಲವೇ ಪಿಕೋಸೆಕೆಂಡ್. ಅಳತೆಯ ದಾರಿಯೇ ಬೇರೆ, ಹಾಗಾಗಿ ಕಣದ ಹಾಸಿನ ಆಕ್ಷೇಪ ಇಲ್ಲಿ ನೇರವಾಗಿ ತಾಗುವುದಿಲ್ಲ. ನನ್ನ ಮಟ್ಟಿಗೆ, ಏನೋ ನಿಜವಾದದ್ದು ನಡೆಯುತ್ತಿದೆ. ಅದಕ್ಕೆ ‘ಸೂಪರ್‌ಕಂಡಕ್ಟರ್’ ಅಂತಲೇ ಹೆಸರಿಡಬೇಕಾ ಅಂದರೆ, ನಾನಿನ್ನೂ ಕೈ ಎತ್ತಿಲ್ಲ.

ಸಕಲೇಶಪುರ_ಘಾಟಿ (ಬುಧವಾರ, ಬೆಳಿಗ್ಗೆ 8:10)

ಕಾಂತಕ್ಷೇತ್ರ ತಳ್ಳಿತು ಅಂದರೆ ನಾನೂ ಸ್ವಲ್ಪ ಮೆತ್ತಗಾಗಿದ್ದೇನೆ. ಸ್ವಲ್ಪ ಮಾತ್ರ.

ಕಡೂರು_ಕಂಬ (ಬುಧವಾರ, ಬೆಳಿಗ್ಗೆ 9:30)

ಪಿಕೋಸೆಕೆಂಡಿಗೆ ಒಮ್ಮೆ ಲೇಸರ್ ಬಿಡುತ್ತಾ ಲೈನ್ ಎಳೆಯಲು ಆಗುವುದಿಲ್ಲ. ಇದರಿಂದ ನಮ್ಮ ಕರೆಂಟಿಗೆ ಏನೂ ಉಪಯೋಗ ಇಲ್ಲ ಅಂತ ಬರೆದುಕೊಳ್ಳಲಾ?

ಪಿಕೋಸೆಕೆಂಡ್_ಪೋರ (ಬುಧವಾರ, ಮಧ್ಯಾಹ್ನ 12:00)

ಕರೆಂಟಿಗೆ ಇಲ್ಲ ಅಣ್ಣ, ಬರೆದುಕೊಳ್ಳಿ. ಸ್ವಿಚ್ಚಿಗೆ ಆಗಬಹುದು. ಟ್ಯಾಂಟಲಂ ಡೈಸಲ್ಫೈಡ್ ಅಂತ ಪದರ ಪದರದ ವಸ್ತು ಇದೆ. 2014ರಲ್ಲಿ ಸ್ಲೊವೇನಿಯಾದವರು ಅದನ್ನು ಬಹಳ ತಣ್ಣಗಿಟ್ಟು 35 ಫೆಮ್ಟೋಸೆಕೆಂಡಿನ ಒಂದೇ ಮಿನುಗು ಬಿಟ್ಟರು. ರೋಧ ದಿಢೀರನೆ ಇಳಿಯಿತು, ಇಳಿದದ್ದು ಹಾಗೇ ನಿಂತಿತು. ಮಾಮೂಲಿಯಾಗಿ ತಣಿಸಿದರೆ ಆ ಸ್ಥಿತಿ ಸಿಗುವುದೇ ಇಲ್ಲ. ಬಿಸಿ ಮಾಡಿದರೆ ಹಳೆಯ ಸ್ಥಿತಿ ವಾಪಸು. ಮೆಮೊರಿ ಮಾಡಬಹುದಾ ಅಂತ ಜನ ಅದರ ಹಿಂದೆ ಬಿದ್ದಿದ್ದಾರೆ.

ಎಂಆರ್‌ಐ_ರಾತ್ರಿಪಾಳಿ (ಬುಧವಾರ, ರಾತ್ರಿ 11:55)

ನನಗಂತೂ ನೈಟ್ರೋಜನ್‌ನಲ್ಲಿ ಓಡುವ ಎಂಆರ್‌ಐ ಬೇಗ ಬಂದರೆ ಸಾಕು. ಚಿಲ್ಲರ್ ಫೋನಿಗೆ ಇನ್ನೂ ಬೆಚ್ಚಿ ಬೀಳುತ್ತೇನೆ.

ಆಲ್ದೂರು_ತೋಟ (ಗುರುವಾರ, ರಾತ್ರಿ 9:15)

ಇವತ್ತು ಮಗಳು ಫೋನ್ ಮಾಡಿದಳು. ದನಿ ಸಪ್ಪಗಿತ್ತು. ಸಿಗ್ನಲ್ ಇಲ್ಲವಂತೆ. ನಾನು ಮೆಲ್ಲಗೆ ‘ಎರಡೂ ಒಂದೇ ಚುಕ್ಕೆಗೆ ಬೀಳುತ್ತಿವೆಯಾ ಪುಟ್ಟಿ? ಕನ್ನಡಿ ಗಾಡಿ ಎಷ್ಟು ಮೈಕ್ರಾನ್‌ನಲ್ಲಿ ಇಟ್ಟಿದ್ದೀಯಾ?’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಅಪ್ಪ, ಯಾರು ಹೇಳಿಕೊಟ್ಟರು?’ ಅಂದಳು. ಎ.ಸಿ. ಗಾಳಿ ಕನ್ನಡಿಗೆ ಬಡಿಯುತ್ತದಾ ನೋಡು ಅಂತಲೂ ಹೇಳಿದೆ. ನೋಡುತ್ತಾಳಂತೆ.

ಲ್ಯಾಬು ನೋಡಲು ಬರಬಹುದಾ ಅಂತ ಕೇಳಿದ್ದಕ್ಕೆ, ಅವರಲ್ಲಿ ವರ್ಷಕ್ಕೊಮ್ಮೆ ಎಲ್ಲರಿಗೂ ಬಾಗಿಲು ತೆಗೆಯುತ್ತಾರೆ, ಆ ದಿನ ಬನ್ನಿ ಅಂದಳು. ನನ್ನ ಬೊಲೆರೊದಲ್ಲಿ ಹೋಗುವುದು. ಹೇಮಾವತಿ ಮೇಡಂ, ನಿಮ್ಮ ಇಬ್ಬರು ಮೂವರು ಮಕ್ಕಳನ್ನು ಕರೆದುಕೊಂಡು ಹಾಸನ ಬೈಪಾಸ್ ಹತ್ತಿರ ಹತ್ತಿಕೊಳ್ಳಬಹುದು.

ಕಡೂರು_ಕಂಬ (ಗುರುವಾರ, ರಾತ್ರಿ 9:22)

ನನಗೊಂದು ಸೀಟು ಇಡಿ. ಉಂಗುರ ಮನೆಯಲ್ಲೇ ಬಿಚ್ಚಿಟ್ಟು ಬರುತ್ತೇನೆ.